ಗಾಲಿ ಗುರುತು ತೊಳೆಯುವ ಕಮಲಾಕ್ಷಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ವಿಜಯವಾಡದ ಹೊರಗೆ, ಜೋಳದ ಹೊಲಗಳ ನಡುವಿನ ಪುಟ್ಟ ರನ್‌ವೇಯಲ್ಲಿ ಕಮಲಾಕ್ಷಿ ಮಂಡಿಯೂರಿ ಕೂತು ನೆಲ ಉಜ್ಜುತ್ತಿದ್ದಾರೆ. ಮುಂದೊಂದು ಕಪ್ಪು ಗೆರೆ. ರನ್‌ವೇ ನಡುವೆ ಶುರುವಾಗಿ, ಎಡಕ್ಕೆ ಬಾಗಿ, ಹುಲ್ಲಿಗಿಳಿದು ಇಲ್ಲವಾಗುತ್ತದೆ.

"ನೆನ್ನೆನೂ ಉಜ್ಜಿದ್ದೆ. ಒಣಗಿದ್ರೆ ಕಾಣಲ್ಲ. ಇಬ್ಬನಿ ಬಿದ್ರೆ ಮತ್ತೆ ಎದ್ದು ಬತ್ತದೆ," ಎನ್ನುತ್ತಾರೆ.

ಪೈಲಟ್ ತರಬೇತಿ ಶಾಲೆಯ ಎರಡು ಸೀಟಿನ ವಿಮಾನಗಳು ಇಳಿಯುವುದು ಇಲ್ಲೇ. ಗಾಲಿ ನೆಲ ಮುಟ್ಟುವಾಗ ಅಡ್ಡಗಾಳಿ ಬೀಸಿ, ಪೆಡಲಿನ ಮೇಲೆ ಕಾಲು ತುಸು ತಡವರಿಸಿದರೂ ಹಗುರ ವಿಮಾನ ಹಿಡಿತ ತಪ್ಪುತ್ತದೆ. ಮಳೆಗಾಲ ಮುಗಿದಾಗ ವಿದ್ಯಾರ್ಥಿನಿಯೊಬ್ಬಳು ಹೀಗೆ ಹುಲ್ಲಿಗೆ ಹೋದಳು, ಗಾಲಿಯ ಗೆರೆ ಉಳಿಯಿತು. ಅವಳ ಗುರುತಿನ ಮೇಲೆಯೇ ಇನ್ನೊಬ್ಬಳು ಹೋದಳು. ರೆಕ್ಕೆ ಮುರಿಯಿತು, ಊರಿಗೆ ಹೋದವಳು ಇಂದಿಗೂ ಫೋನ್ ಎತ್ತುವುದಿಲ್ಲ. ಕಳೆದ ವಾರ ಅಖಿಲಾ. ಆಮೇಲಿನ ಇಬ್ಬರೂ ಹೇಳಿದ್ದು ಒಂದೇ: ಕಣ್ಣು ಆ ಗೆರೆಯ ಮೇಲೆ ಬಿತ್ತು, ಕೀಳಲಾಗಲಿಲ್ಲ. ಕಣ್ಣು ಹೋದಲ್ಲಿಗೆ ಕೈಕಾಲೂ ಹೋದವು. ಅದಕ್ಕೇ ಈಗ ಮೊದಲ ವಿಮಾನ ಏಳುವ ಮುನ್ನ ಗುರುತು ತೊಳೆಯುವ ರೂಢಿ.

ಕಮಲಾಕ್ಷಿ ಮಂಡ್ಯದ ಕಡೆಯವರು. ಗಂಡ ಗುರುದತ್ತ ಬ್ಯಾಂಕಿನ ಅಟೆಂಡರ್. ವಿಶಾಖಪಟ್ಟಣದಲ್ಲಿದ್ದಾಗ ಇವರು ಋಷಿಕೊಂಡದ ಕಚೇರಿಯೊಂದರಲ್ಲಿ ನೆಲ ಒರೆಸುತ್ತಿದ್ದರು. ಗಂಡನಿಗೆ ವಿಜಯವಾಡದ ಗವರ್ನರ್‌ಪೇಟೆಯ ಶಾಖೆಗೆ ವರ್ಗವಾದ ಮೇಲೆ ಈ ಕೆಲಸ. "ಅಲ್ಲಿ ಒರೆಸಿದ್ದು ಹೋಯ್ತಿತ್ತು. ಇಲ್ಲಿ ಬೆನ್ನು ತಿರುಗಿಸಿದ್ರೆ ಯಾರೋ ನೋಡ್ತಾವ್ರೆ ಅನ್ಸುತ್ತೆ. ಮನೇಲಿ ಹೇಳಿಲ್ಲ, ನಗ್ತಾರೆ."

"ಕಮಲಾಕ್ಷಿಗಾರೂ, ದೆವ್ವಕ್ಕೆ ಸ್ನಾನ ಆಯ್ತಾ?" ಸೊಂಟದ ವೈರ್‌ಲೆಸ್‌ನಲ್ಲಿ ತರಬೇತುದಾರ ತೇಜ ಕೂಗುತ್ತಾರೆ. ಆ ಗೆರೆಗೆ ಅವರಿಟ್ಟ ಹೆಸರು ದೆವ್ವ.

"ಆಯ್ತು ಸಾರ್, ಸೀರೆ ನೀವೇ ಉಡ್ಸಿ!"

ಇಂದು ಅಖಿಲಾ ಒಬ್ಬಳೇ ಹಾರಬೇಕು. ಮತ್ತೆ ತಪ್ಪಿದರೆ ಅಪ್ಪ ಬಂದು ವಿಶಾಖಪಟ್ಟಣದ ಬಳಿಯ ಪೆಂದುರ್ತಿಯ ಮನೆಗೆ ಕರೆದೊಯ್ಯುತ್ತಾರೆ. ಮತ್ತೆ ಕಳಿಸುವುದಿಲ್ಲ ಎಂದಿದ್ದಾರೆ. ವಿಮಾನ ಎದ್ದ ಮೇಲೆ ಹೊಲಗಳ ಕಡೆಯಿಂದ ಮಂಜು ಕವಿಯುತ್ತದೆ, ಸದ್ದು ಮಾತ್ರ ಸುತ್ತುತ್ತದೆ. ಆಗ ಕಮಲಾಕ್ಷಿ ನೆಲ ನೋಡಿ ಬೆಚ್ಚುತ್ತಾರೆ. ತೊಳೆದ ಜಾಗ ಒಣಗಿಲ್ಲ. ಮೊದಲಿಗಿಂತ ಅಗಲವಾಗಿ, ಹೊಳೆಯುತ್ತ, ಹಾಗೆಯೇ ಎಡಕ್ಕೆ ಬಾಗಿ ಮಲಗಿದೆ.

ವೈರ್‌ಲೆಸ್‌ನಲ್ಲಿ ಅಖಿಲಾಳ ಸಣ್ಣ ದನಿ: "ಸಾರ್, ಅದು ಕಾಣ್ತಿದೆ."

"ಇಳಿಯಬೇಡ. ಇನ್ನೊಂದು ಸುತ್ತು ಹೋಗು," ಎನ್ನುತ್ತಾರೆ ತೇಜ.

ವಿಮಾನ ತಲೆಯ ಮೇಲೆ ಹಾದುಹೋಗುತ್ತದೆ. ಇಳಿಯುವಾಗ ರನ್‌ವೇಯ ಕೊನೆ ನೋಡಬೇಕೆಂದು ತೇಜ ದಿನವೂ ಹೇಳುವುದನ್ನು ಕೇಳಿ ಕಮಲಾಕ್ಷಿಗೆ ಬಾಯಿಪಾಠ. ಆದರೆ ಮಂಜಿನಲ್ಲಿ ಕೊನೆ ಗುರುತೇ ಸಿಗದು, ಹೊಳೆಯುವ ಬಣ್ಣವಾದರೆ ಕಂಡೀತು. ಹಳದಿ ಕೋಟು ತೊಟ್ಟು ತಮ್ಮ ಸ್ಕೂಟಿಯನ್ನು ಆ ಕೊನೆಗೆ ಓಡಿಸುತ್ತಾರೆ. ಡಾಂಬರು ಮುಗಿದ ಮೇಲಿನ ಹುಲ್ಲಿನಲ್ಲಿ ಕೈಯೆತ್ತಿ ನಿಲ್ಲುತ್ತಾರೆ. "ಸಾರ್, ನನ್ನ ನೋಡಕ್ಕೆ ಹೇಳಿ."

"ಅಖಿಲಾ, ಕೊನೆಯಲ್ಲಿ ಆಂಟಿ ನಿಂತಿದ್ದಾರೆ. ಅವರನ್ನೇ ನೋಡು. ನೆಲ ನೋಡಬೇಡ."

ಗಾಲಿ ತಾಗುತ್ತದೆ, ಒಮ್ಮೆ ಪುಟಿಯುತ್ತದೆ. ಮೂಗು ಎಡಕ್ಕೆ ಎಳೆಯುತ್ತದೆ, ಅತ್ತಲಿಂದ ಯಾರೋ ಹಗ್ಗ ಜಗ್ಗಿದ ಹಾಗೆ. ಕಮಲಾಕ್ಷಿ ಕದಲುವುದಿಲ್ಲ. ಮೂಗು ನಿಧಾನವಾಗಿ ಅವರ ಕಡೆಗೇ ತಿರುಗುತ್ತದೆ, ನೇರ ಬಂದು ನಿಲ್ಲುತ್ತದೆ.

ಎಂಜಿನ್ ಆರಿದರೂ ಅಖಿಲಾಳ ಬೆರಳುಗಳು ಹಿಡಿಕೆ ಬಿಡುತ್ತಿಲ್ಲ. ಕಮಲಾಕ್ಷಿ ಬಾಗಿಲು ತೆರೆದು ಒಂದೊಂದೇ ಬೆರಳು ಬಿಡಿಸುತ್ತಾರೆ. "ಬಿಡವ್ವ, ನಿಂತದೆ. ಬಿಡು." ಅವಳಿಗೆ ಕನ್ನಡ ಬಾರದು. ತೆಲುಗಿನಲ್ಲಿ ಏನೋ ಹೇಳುತ್ತಾಳೆ.

ಏನೆಂದಳು ಎಂದು ಕೇಳಿದರೆ ಕಮಲಾಕ್ಷಿ ಕೋಟಿನ ತೋಳಿನಿಂದ ಮುಖ ಒರೆಸಿಕೊಳ್ಳುತ್ತಾರೆ.

"ಇನ್ನೊಂದು ಸುತ್ತು ಹೋಯ್ತಾಳಂತೆ. ಈ ಸಲ ನಾನು ನಿಲ್ಬಾರ್ದಂತೆ. ಅಷ್ಟು ಕೇಳಿದ್ನಲ್ಲ, ಸಾಕು ನಂಗೆ."