ನಿಂತ ನೀರಿನಲ್ಲಿ ಟಿಕ್ ಟಿಕ್

ಬೈರೂತಿನಲ್ಲಿ ಮಂತ್ರಿಮಂಡಲ ರಚನೆ ಇನ್ನೊಂದು ತಿಂಗಳು ತಡವಾದರೂ ನಡೆದೀತು, ಜನಕ್ಕೆ ಅಭ್ಯಾಸವಾಗಿದೆ. ಆದರೆ ಮೇಲೆ ಬೆಟ್ಟದಲ್ಲಿ, ಊರೇ ‘ಸಿತ್’, ಅಂದರೆ ಅಮ್ಮಾವ್ರು, ಎಂದು ಕರೆಯುವ ನುಹಾದ್ ಅವರ ಮನೆಯ ಈಜುಕೊಳಕ್ಕೆ ತಾನಾಗಿ ಕ್ಲೋರಿನ್ ಹನಿಸುವ ಯಂತ್ರ ಯಾವುದು ಬರಬೇಕೆಂಬ ಪ್ರಶ್ನೆ ಕಾಯುವಂಥದ್ದಲ್ಲ. ಭಾನುವಾರ ಮೊಮ್ಮಕ್ಕಳ ಪಟಾಲಂ ನೀರಿಗಿಳಿಯಲಿದೆ.

ಆಗಷ್ಟೇ ಬೆಳಕು ಹರಿಯುತ್ತಿದೆ. ಗೇಟು ದಾಟಿದ ಅಬು ಮುನೀಫ್ ಅಲ್ಲೇ ನಿಂತು, ಮೂಗೆತ್ತಿ ಗಾಳಿ ಮೂಸುತ್ತಾರೆ. ಈ ಬೆಟ್ಟದ ಹತ್ತಾರು ಕೊಳಗಳಿಗೆ ದಿನಾ ಕ್ಯಾನಿನಿಂದ ಕ್ಲೋರಿನ್ ಸುರಿಯುವವರು ಇವರೇ. ತೋಳು ನೀಡಿ, ಮುಖ ತಿರುಗಿಸಿ, ಉಸಿರು ಬಿಗಿಹಿಡಿದು ಸುರಿಯುವ ರೀತಿ ನೋಡಿ ಊರು ಇಟ್ಟ ಹೆಸರು ‘ಪುಕ್ಕಲ’.

"ಬೇರೆಯವ್ರು ಎದ್ದ ಕೂಡ್ಲೆ ಕಾಫಿ ವಾಸನೆ ಹುಡುಕ್ತಾರೆ. ನಾನು ಕ್ಲೋರಿನ್ ವಾಸನೆ ಇಲ್ಲ ತಾನೇ ಅಂತ ನೋಡ್ಕೊತೀನಿ," ಎನ್ನುತ್ತಾರೆ.

ಕಾರಣವಿದೆ. ಕೆಲವು ವರ್ಷಗಳ ಹಿಂದೆ ಇನ್ನೊಂದು ಮನೆಯ ಕೊಳಕ್ಕಿಳಿದು ಗೋಡೆ ತಿಕ್ಕುತ್ತಿದ್ದಾಗ ಕರೆಂಟು ಬಂತು, ಪಂಪು ಓಡಿತು, ನೀರು ಬರುವ ಬಾಯಿಂದ ಹಳದಿ ಹೊಗೆ ಉಕ್ಕಿತು. ಬದುಕಿ ಬಂದರು, ಕೆಮ್ಮು ಜೊತೆಗೇ ಬಂತು. ಆ ಕೆಮ್ಮು ಬೀದಿ ತಿರುವಿನಲ್ಲಿ ಕೇಳಿಸಿದಾಗಲೇ ಹೆಂಡತಿ ಇವತ್ತಿಗೂ ಕಾಫಿಗೆ ನೀರಿಡುತ್ತಾರೆ.

ಸಿತ್ ನುಹಾದ್ ಅವರ ಮುಂದಿರುವ ಯಂತ್ರಗಳು ಎರಡು. ಒಂದು, ನೀರು ಹರಿಯುವಾಗಷ್ಟೇ ಹನಿಸುವಂಥದ್ದು, ಬೆಲೆ ಜಾಸ್ತಿ. ಇನ್ನೊಂದನ್ನು ಅಂಗಡಿಯ ತಾನಿಯೋಸ್ ನಿನ್ನೆ ಪರೀಕ್ಷೆಗೆಂದು ಕೂರಿಸಿ ಹೋಗಿದ್ದಾನೆ. ಒಂದು ಕೊಳವೆಯಿಂದ ಕ್ಲೋರಿನ್, ಇನ್ನೊಂದರಿಂದ ಆಸಿಡ್. ಎಲ್ಲ ಮನೆಗಳಂತೆ ಇಲ್ಲಿಯೂ ಬಲ್ಬು, ಫ್ರಿಜ್ಜು ಬ್ಯಾಟರಿ ಲೈನಿಗೆ. ದೊಡ್ಡ ಪಂಪು ಬೀದಿಗೆಲ್ಲ ಕರೆಂಟು ಕೊಡುವ ಜನರೇಟರಿಗೆ. ಯಂತ್ರ ಪುಟ್ಟದಲ್ಲವೇ, ತಾನಿಯೋಸ್ ಅದನ್ನು ಬ್ಯಾಟರಿಗೇ ಸಿಕ್ಕಿಸಿದ್ದಾನೆ. "ಕರೆಂಟ್ ಹೋದ್ರೂ ದುಡಿಯುತ್ತೆ ಸಿತ್, ನಿದ್ದೇನೇ ಇಲ್ಲ!"

ನಿದ್ದೆ ಇಲ್ಲ, ನಿಜ. ಜನರೇಟರಿನವನು ರಾತ್ರಿ ಆರಿಸಿದ್ದು ಇನ್ನೂ ಹಚ್ಚಿಲ್ಲ. ಪಂಪು ಸತ್ತಂತೆ ಬಿದ್ದಿದೆ. ಯಂತ್ರ ಮಾತ್ರ ಟಿಕ್, ಟಿಕ್ ಎನ್ನುತ್ತಿದೆ. ಸೇರಿದರೆ ಅದೇ ಹಳದಿ ಹೊಗೆ ಎಬ್ಬಿಸುವ ಎರಡು ದ್ರವಗಳು ಇರುಳಿಡೀ ನೀರು ಹರಿಯದ ಒಂದೇ ಪೈಪಿಗೆ ಬಿದ್ದಿವೆ. ಆ ಪೈಪಿನ ಬಾಯಿಯ ಪಕ್ಕದ ಮೆಟ್ಟಿಲಿನಲ್ಲಿ ಮೊಮ್ಮಗಳು ತಾಲಾ ನೀರಿಗೆ ಕಾಲು ಇಳಿಬಿಟ್ಟು ಕುಳಿತಿದ್ದಾಳೆ.

"ಏಳು ಮಗಳೇ, ಏಳು!"

"ಪಂಪು ಓಡಿ ಗುಳ್ಳೆ ಬರ್ಲಿ ತಾಳು. ಕಚಗುಳಿ ಆಗುತ್ತೆ."

ಅಬು ಮುನೀಫ್ ವಾದಕ್ಕೆ ನಿಲ್ಲುವುದಿಲ್ಲ. ಹುಡುಗಿಯನ್ನು ಕಂಕುಳಿಗೆ ಸೇರಿಸಿ ಗೇಟಿನತ್ತ ಓಡಿ, ಕೂರಿಸಿ, ತಿರುಗಿ ಬಂದು ಪಂಪಿನ ಸ್ವಿಚ್ಚನ್ನು ಆರಿಸುತ್ತಾರೆ. ಕೈ ಅದರ ಮೇಲಿರುವಾಗಲೇ ಬೀದಿಯ ಜನರೇಟರು ಗುಡುಗುತ್ತದೆ. ಪಕ್ಕದ ಮನೆಯ ಪಂಪು ಓಡತೊಡಗುತ್ತದೆ. ಇಲ್ಲಿಯ ಪಂಪು ಅಲುಗುವುದಿಲ್ಲ.

ಹೊಗೆಯಿಲ್ಲ, ವಾಸನೆಯಿಲ್ಲ, ತೋರಿಸಲು ಏನೂ ಇಲ್ಲ. ಅಳುವ ಹುಡುಗಿ, ಗೌನಿನಲ್ಲೇ ಓಡಿಬಂದ ಅಜ್ಜಿ, ಫೋನು ಮಾಡಿ ಕರೆಸಿದ ತಾನಿಯೋಸ್.

"ನೋಡಿ ಸಿತ್," ತಾನಿಯೋಸ್ ನಗುತ್ತಾನೆ, "ಯಂತ್ರ ಬಂದ್ರೆ ಇವ್ರ ಕೆಲ್ಸಕ್ಕೆ ಸಂಚಕಾರ. ಅದಕ್ಕೇ ಈ ನಾಟಕ."

"ಯಾವ ಯಂತ್ರ ಬಂದ್ರೂ ನನ್ನ ಅರ್ಧ ಕೆಲ್ಸ ಹೋಯ್ತು, ಅಷ್ಟು ಗೊತ್ತಿಲ್ವಾ ನಂಗೆ?" ಅಬು ಮುನೀಫ್ ಕೆಮ್ಮುತ್ತಾರೆ. "ನನ್ನ ಭಯ ಅದಲ್ಲಪ್ಪ."

ಸಿತ್ ನುಹಾದ್ ಇಬ್ಬರನ್ನೂ ಅಳೆದು ನೋಡುತ್ತಾರೆ. ರಸಾಯನಶಾಸ್ತ್ರ ಅವರಿಗೆ ಗೊತ್ತಿಲ್ಲ, ಗಂಡಸರನ್ನು ಗೊತ್ತು.

"ತಾನಿಯೋಸ್, ಆ ಮೆಟ್ಟಿಲ ಮೇಲೆ ಕೂತ್ಕೋ. ಕಾಲು ನೀರಿಗಿಡು. ಮುಖ ಸ್ವಲ್ಪ ಬಗ್ಗಿಸು. ನಾನು ಪಂಪು ಹಾಕ್ತೀನಿ."

ತಾನಿಯೋಸ್ ಮೆಟ್ಟಿಲು ನೋಡುತ್ತಾನೆ. ಆ ಪೈಪಿನ ಬಾಯಿ ನೋಡುತ್ತಾನೆ.

"ಹೊಸ ಪ್ಯಾಂಟು, ಸಿತ್."

"ಬಿಚ್ಚಿಡು. ನಾನೇನು ನೋಡದ್ದೇ?"

"ಇನ್ನೊಂದು ಮನೆಗೆ ಹೋಗೋದಿದೆ."

ಆಮೇಲೆ ಅಬು ಮುನೀಫ್ ಎಲ್ಲರನ್ನೂ ರಸ್ತೆಯಾಚೆ ಕಳಿಸಿ, ಮುಖಗವಸು ತೊಟ್ಟು, ಗಾಳಿ ಬೆನ್ನಿಗಿರುವಂತೆ ನಿಂತು, ಪೈಪಿನಲ್ಲಿದ್ದದ್ದನ್ನು ತೋಟದ ಮೂಲೆಗೆ ಚೂರುಚೂರೇ ಹರಿಯಬಿಡುತ್ತಾರೆ. ಅಲ್ಲಿಂದ ಎದ್ದ ಘಾಟು ಬೀದಿಯವರೆಗೂ ಬಂದು ಅಜ್ಜಿಯ ಕಣ್ಣಿನಲ್ಲಿ ನೀರು ತರಿಸುತ್ತದೆ.

"ಧೈರ್ಯಸ್ಥ ಅಂತ ಬರೀಬೇಡಿ," ಎಂದು ಇದನ್ನು ಬರೆಯುತ್ತಿರುವ ನನ್ನನ್ನು ಅಬು ಮುನೀಫ್ ಕೇಳಿಕೊಳ್ಳುತ್ತಾರೆ. "ಊರಲ್ಲಿ ನಗ್ತಾರೆ. ಹೆದರಿದ್ದೆ, ಅಷ್ಟೇ."

ಸಿತ್ ನುಹಾದ್ ನೀರು ಹರಿದಾಗಷ್ಟೇ ಓಡುವ ಯಂತ್ರವನ್ನು ಕೊಂಡಿದ್ದಾರೆ. ಅಬು ಮುನೀಫ್ ಈಗ ಆ ಮನೆಗೆ ವಾರಕ್ಕೆ ಎರಡು ಸಲ ಮಾತ್ರ ಹೋಗುತ್ತಾರೆ.