ಬಾಗಿಲ ಹೊರಗೆ ನಿಂತ ಅಡುಗೆಯಕ್ಕ

ನಿನ್ನೆ ಬಂಗುಡೆ ಮೀನು ಶುಚಿ ಮಾಡಿ, ಕೈಯ ವಾಸನೆ ಹೋಗಲೆಂದು ಲಿಂಬೆಯ ಸಿಪ್ಪೆಯಿಂದ ಉಜ್ಜಿಕೊಳ್ಳುತ್ತಿದ್ದೆ. ಸೋಪು, ಲಿಂಬೆ ಎರಡೂ ಸೇರಿದ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮ ಹಳೆಯ ಶಾಲೆಯ ಅಡುಗೆಯಕ್ಕ ಎದುರಿಗೆ ಬಂದು ನಿಂತಂತಾಯಿತು. ನಲ್ಲಿ ಸುರಿಯುತ್ತಲೇ ಇತ್ತು...

ಬಂಟ್ವಾಳದಿಂದ ಮೂಡುಬಿದಿರೆಗೆ ಹೋಗುವ ದಾರಿಯಲ್ಲಿ, ಬಸ್ಸಿಳಿದು ಒಳಗೆ ಅರ್ಧ ಗಂಟೆ ನಡೆಯಬೇಕಾದ ಒಂದು ಸಣ್ಣ ಶಾಲೆ ಅದು. ನಾನಾಗ ಹೊಸ ಟೀಚರು, ಪ್ರೊಬೇಷನ್ ಮುಗಿದಿರಲಿಲ್ಲ. ಮಕ್ಕಳ ಬಿಸಿಯೂಟ ಮಾಡುತ್ತಿದ್ದ ಅವರನ್ನು ನಾವೆಲ್ಲ ಅಡುಗೆಯಕ್ಕ ಎಂದೇ ಕರೆಯುತ್ತಿದ್ದೆವು. ಆ ವರ್ಷ ಒಂದನೇ ತರಗತಿಗೆ ಒಬ್ಬಳು ಹುಡುಗಿ ಬಂದಳು. ಮಾತಿಲ್ಲ, ಕರೆದರೆ ತಿರುಗಿ ನೋಡುವುದಿಲ್ಲ. ಆಟಿಸಂ ಎಂದು ಮಂಗಳೂರಿನ ಡಾಕ್ಟರು ಬರೆದುಕೊಟ್ಟ ಕಾಗದವನ್ನು ತಾಯಿ ತೋರಿಸಿದರು. ಆರು ವರ್ಷವಾದರೂ ಡಯಾಪರ್ ಬಿಟ್ಟಿರಲಿಲ್ಲ.

ಎರಡು ದಿನದ ತರಬೇತಿಯಲ್ಲಿ ಕಲಿತು ಬಂದಿದ್ದ ನಾನು, ಶೌಚಾಲಯದ ಗೋಡೆಗೆ ಚಿತ್ರಗಳ ಚಾರ್ಟು ಅಂಟಿಸಿದೆ. ಹುಡುಗಿ ಚಿತ್ರದ ಕಡೆ ಕಣ್ಣೆತ್ತಿಯೂ ನೋಡದೆ, ಅಂಟಿಸಿದ ಟೇಪನ್ನು ಅಂದವಾಗಿ ಕಿತ್ತು ಬೆರಳಿಗೆ ಸುತ್ತಿಕೊಂಡಳು. ಅಲ್ಲಿಗೆ ನನ್ನ ವಿದ್ಯೆ ಮುಗಿಯಿತು. ಮಾರನೆಯ ದಿನ ಡಯಾಪರ್ ತುಂಬಿ ಬೆಂಚಿನ ಮೇಲೆಲ್ಲ ಆದಾಗ ನಾನು ಮೂಗು ಮುಚ್ಚಿಕೊಂಡು ಹಿಂದೆ ಸರಿದೆ. ನಿಜ ಹೇಳಬೇಕೆಂದರೆ ನನಗೆ ಅಸಹ್ಯವಾಯಿತು. ಶಾಲೆಯಲ್ಲಿ ಆಯಾ ಇರಲಿಲ್ಲ. ಸೀದಾ ಅಡುಗೆ ಕೋಣೆಗೆ ಹೋಗಿ, ಇವಳನ್ನು ಸ್ವಲ್ಪ ನೋಡಿಕೊಳ್ಳಿ ಅಕ್ಕ ಎಂದೆ. ಅವರು ಸೌಟು ಬದಿಗಿಟ್ಟು ಎದ್ದು ಬಂದರು. ಒಂದು ದಿನಕ್ಕೆಂದು ಕೇಳಿದ್ದು ಪ್ರತಿದಿನದ್ದಾಯಿತು, ನಾನೂ ಬೇಡ ಎನ್ನಲಿಲ್ಲ.

ಹುಡುಗಿ ಹೆದರುತ್ತಿದ್ದದ್ದು ಕಕ್ಕಸಿಗಲ್ಲ, ನಲ್ಲಿ ಬುಸ್ಸೆಂದು ಸದ್ದು ಮಾಡುವುದಕ್ಕೆ ಎಂದು ಅವರು ಮೂರೇ ದಿನದಲ್ಲಿ ಪತ್ತೆಹಚ್ಚಿದರು. ಮೊದಲೇ ಬಾಲ್ದಿ ತುಂಬಿಸಿ ನಲ್ಲಿ ಮುಚ್ಚಿಡತೊಡಗಿದರು. ಅವರಿಗೆ ಗಡಿಯಾರವೆಂದರೆ ಅನ್ನದ ಪಾತ್ರೆ. ಅಕ್ಕಿ ಒಲೆಗೇರಿಸಿದ ಮೇಲೊಮ್ಮೆ, ಗಂಜಿ ಬಸಿದ ಮೇಲೊಮ್ಮೆ, ಊಟವಾದ ಮೇಲೊಮ್ಮೆ ಹುಡುಗಿಯನ್ನು ಕರೆದೊಯ್ಯುತ್ತಿದ್ದರು. ಬರುವಾಗಲೆಲ್ಲ ಮೊಣಕೈವರೆಗೆ ಸೋಪು ಹಚ್ಚಿ ತೊಳೆದು, ಲಿಂಬೆ ಸಿಪ್ಪೆಯಿಂದ ಉಜ್ಜಿಕೊಂಡೇ ಅಡುಗೆ ಕೋಣೆಗೆ ಕಾಲಿಡುತ್ತಿದ್ದರು. ಮೊದಲ ವಾರ ಒಳಗೆ ಜೊತೆಗಿದ್ದರು, ಆಮೇಲೆ ಹೊಸ್ತಿಲಲ್ಲಿ, ಆಮೇಲೆ ಬಾಗಿಲ ಹೊರಗೆ... ಕೊನೆಗೆ ಅಷ್ಟು ದೂರದ ಮೆಟ್ಟಿಲ ಹತ್ತಿರ. ಹುಡುಗಿ ಚಡ್ಡಿಯನ್ನು ಹಿಂದುಮುಂದಾಗಿ ಹಾಕಿಕೊಂಡು, ಬಿಚ್ಚಿ, ಮತ್ತೆ ಹಾಕಿಕೊಳ್ಳುವಷ್ಟರಲ್ಲಿ ಹತ್ತು ನಿಮಿಷ. ನನಗೆ ತಾಳ್ಮೆ ಕೆಡುತ್ತಿತ್ತು. ಬೆಲ್ ಆಯಿತು, ನೀವೇ ಹಾಕಿಬಿಡಿ ಎಂದು ಜಗಲಿಯಿಂದ ಕೂಗಿದೆ ಒಂದು ದಿನ. ಅವರು ಕದಲಲಿಲ್ಲ.

"ನಾವು ಹಿಡಿದರೆ ಅವಳಿಗೆ ನಮ್ಮ ಕೈಯೇ ಅಭ್ಯಾಸ ಆಗ್ತದೆ ಟೀಚರ್," ಎಂದರು. "ನಾಳೆ ನಾನು ಇಲ್ಲದಿದ್ದರೆ ಅವಳು ಎಂತ ಮಾಡುವುದು?"

ದಸರಾ ರಜೆ ಕಳೆದು ಶಾಲೆ ಶುರುವಾದಾಗ ಹುಡುಗಿಯ ಚೀಲದಲ್ಲಿ ಡಯಾಪರ್ ಇರಲಿಲ್ಲ. ಹೆಚ್ಚಿಗೆ ಒಂದು ಚಡ್ಡಿ ಮಾತ್ರ ಇತ್ತು, ಅದೂ ಹೆಚ್ಚಿನ ದಿನ ಹಾಗೇ ಮನೆಗೆ ಹೋಗುತ್ತಿತ್ತು.

ಆಗಲೇ ಯಾರೋ ಪೋಷಕರು ನೋಡಿದ್ದು, ಅಡುಗೆಯಕ್ಕ ಶೌಚಾಲಯದ ಕಡೆಯಿಂದ ಬಂದು ಅಡುಗೆ ಕೋಣೆಗೆ ಹೋದದ್ದನ್ನು. ಕಕ್ಕಸು ತೊಳೆದ ಕೈಯಲ್ಲಿ ನಮ್ಮ ಮಕ್ಕಳಿಗೆ ಅನ್ನವೇ ಎಂದು ಊರೆಲ್ಲ ಗುಲ್ಲಾಯಿತು. ಶಾಲಾ ಸಮಿತಿಯ ಸಭೆ ಕರೆದರು. ದಿನವೂ ತುಳುವಿನಲ್ಲಿ ಮಾತಾಡುವವರೆಲ್ಲ ಅಂದು ಗಂಭೀರವಾಗಿ ಕನ್ನಡದಲ್ಲಿ ಮಾತಾಡಿದರು. ಆ ಹುಡುಗಿಯ ತಾಯಿ ಬಂದಿರಲಿಲ್ಲ. ಅಡುಗೆಯಕ್ಕನಿಗೆ ಈ ಕೆಲಸ ಹೇಳಿದ್ದು ಯಾರು ಎಂದು ಸಮಿತಿಯ ಅಧ್ಯಕ್ಷರು ಕೇಳಿದರು.

ಅಡುಗೆಯಕ್ಕ ನನ್ನ ಮುಖ ನೋಡಿದರು. ನಾನು ಹಾಜರಿ ಪುಸ್ತಕ ನೋಡಿದೆ. ಪ್ರೊಬೇಷನ್ ಮುಗಿಯಲು ಎರಡೇ ತಿಂಗಳಿತ್ತು. ಅದಕ್ಕಿಂತ ಹೆಚ್ಚಾಗಿ, ಹಾಗಾದರೆ ಟೀಚರೇ ಮಾಡಲಿ ಎಂದುಬಿಟ್ಟರೆ ಎಂಬ ಹೆದರಿಕೆ. ಬಾಯಲ್ಲಿ ಬಿಸಿತುಪ್ಪ ಇಟ್ಟುಕೊಂಡವಳ ಹಾಗೆ ಕೂತಿದ್ದೆ.

"ಯಾರೂ ಹೇಳಲಿಲ್ಲ ಸರ್. ನಾನೇ ಕರೆದುಕೊಂಡು ಹೋದದ್ದು," ಎಂದರು ಅಡುಗೆಯಕ್ಕ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಯನ್ನು ನಾನೇ ಮಕ್ಕಳಿಗೆ ಬೋರ್ಡಿನಲ್ಲಿ ಬರೆದು ಕಲಿಸಿದವಳು. ನಾಳೆಯಿಂದ ಬರುವುದು ಬೇಡ ಎಂದು ಅವರಿಗೆ ಹೇಳಿದಾಗಲೂ ನಾನು ಸುಮ್ಮನಿದ್ದೆ. ಅವರು ಉಳಿದ ಪಾತ್ರೆಗಳನ್ನು ತೊಳೆದು ಕವುಚಿಟ್ಟು ಮನೆಗೆ ಹೋದರು.

ಮಾರನೆಯ ದಿನ ಅಕ್ಕಿ ಒಲೆಗೇರುವ ಹೊತ್ತಿಗೆ ಹುಡುಗಿ ತಾನಾಗಿ ಎದ್ದು ಅಡುಗೆ ಕೋಣೆಯ ಬಾಗಿಲಿಗೆ ಹೋದಳು. ಒಳಗೆ ಬೇರೆ ಯಾರೋ ಇದ್ದರು. ನಾನು ಕೈ ಹಿಡಿದು ಕರೆದೊಯ್ದೆ. ಗಡಿಬಿಡಿಯಲ್ಲಿ ನಲ್ಲಿ ತಿರುಗಿಸಿಬಿಟ್ಟೆ. ಅವಳು ಕಿವಿ ಮುಚ್ಚಿಕೊಂಡು ಕಿರುಚಿದಳು, ನಿಂತಲ್ಲೇ ಒದ್ದೆ ಮಾಡಿಕೊಂಡಳು. ಆಮೇಲೆ ಅವಳು ಆ ಶೌಚಾಲಯದೊಳಗೆ ಹೋಗಲೇ ಇಲ್ಲ. ಒಂದು ತಿಂಗಳಲ್ಲಿ ತಾಯಿ ಅವಳನ್ನು ಶಾಲೆ ಬಿಡಿಸಿದರು. ನನಗೆ ಬೆಳ್ತಂಗಡಿ ಕಡೆಗೆ ವರ್ಗವಾಯಿತು. ಅಡುಗೆಯಕ್ಕನ ಮನೆ ಗೊತ್ತಿತ್ತು. ಒಮ್ಮೆ ಹೋಗಿ ಕಾಲು ಹಿಡಿಯಬೇಕು ಎಂದುಕೊಳ್ಳುತ್ತಲೇ ವರ್ಷಗಳು ಹೋದವು...

ಹೋದ ತಿಂಗಳು ಮೂಡುಬಿದಿರೆಯ ಒಂದು ಹೋಟೆಲಿನಲ್ಲಿ ಆ ತಾಯಿ, ಮಗಳು ಇಬ್ಬರೂ ಸಿಕ್ಕಿದರು. ಹುಡುಗಿ ತಾಯಿಗಿಂತ ಉದ್ದ ಬೆಳೆದಿದ್ದಳು. ನಾವು ಮಾತಾಡುತ್ತಿದ್ದಂತೆ ಅವಳು ತನ್ನ ಚೀಲವನ್ನು ತಾಯಿಯ ಮಡಿಲಿಗೆ ಹಾಕಿ ಶೌಚಾಲಯದ ಕಡೆ ನಡೆದಳು. ನಾನು ಗಾಬರಿಯಲ್ಲಿ ಎದ್ದೆ. ಕೂತುಕೊಳ್ಳಿ ಟೀಚರ್, ಅವಳೇ ಬರ್ತಾಳೆ ಎಂದರು ತಾಯಿ. ಬಂದಳು, ಬಟ್ಟೆ ನೇರವಾಗಿತ್ತು, ಕೈ ಒದ್ದೆಯಾಗಿತ್ತು.

ಹುಡುಗಿ ಶಾಲೆ ಬಿಟ್ಟ ಮೇಲೆ ಅಡುಗೆಯಕ್ಕ ಎರಡು ವರ್ಷ ಅವರ ಮನೆಗೆ ಬರುತ್ತಿದ್ದರಂತೆ. ಸ್ನಾನ, ಬಟ್ಟೆ, ಜಡೆ, ಎಲ್ಲ ಅವರೇ ಕಲಿಸಿದ್ದಂತೆ. ಹೋದ ವರ್ಷ ಕಾಮಾಲೆಯಾಗಿ ತೀರಿಕೊಂಡರಂತೆ. ಟೀಚರ್ ಅಂದು ಹೇಳದಿದ್ದರೆ ನನಗೆ ಈ ಮಗು ಸಿಗುತ್ತಿರಲಿಲ್ಲ ಎಂದು ಅಕ್ಕ ಯಾವಾಗಲೂ ನಿಮ್ಮನ್ನು ನೆನೆಸುತ್ತಿದ್ದರು ಎಂದು ತಾಯಿ ನನಗೆ ಕೈ ಮುಗಿದರು. ಜನ ದೂರು ಕೊಟ್ಟದ್ದಷ್ಟೇ ತಾಯಿಗೆ ಗೊತ್ತಿತ್ತು. ಸಭೆಯಲ್ಲಿ ನಾನು ಬಾಯಿ ಮುಚ್ಚಿ ಕೂತದ್ದನ್ನು ಅಡುಗೆಯಕ್ಕ ಹೇಳಿಯೇ ಇರಲಿಲ್ಲ. ನಾನೂ ಹೇಳಲಿಲ್ಲ. ಅದೇನು ದೊಡ್ಡದಲ್ಲ ಎಂದು ನಕ್ಕು, ನನ್ನದಲ್ಲದ ಆ ನಮಸ್ಕಾರವನ್ನು ತೆಗೆದುಕೊಂಡು ಬಸ್ಸು ಹತ್ತಿದೆ.

ನಿನ್ನೆಯಿಂದ ಮನಸ್ಸು ತಡೆಯಲಿಲ್ಲ. ಇವತ್ತು ಬೆಳಿಗ್ಗೆ ಆ ತಾಯಿಗೆ ಫೋನು ಮಾಡಿ, ಒಂದನ್ನೂ ಬಿಡದೆ ಹೇಳಿದೆ. ಬೈಯಲಿ ಎಂದು ಕಾದೆ. ಅವರು ಬೈಯಲಿಲ್ಲ.

"ಅಕ್ಕ ಇರುವಾಗ ಹೇಳಬಹುದಿತ್ತಲ್ಲ ಟೀಚರ್," ಎಂದರು.