ಹಾಲುಕ್ಕಿಸದ ಬಾಡಿಗೆದಾರ

ಗುಬ್ಬಿ ತಾಲ್ಲೂಕಿನ ಹಳ್ಳಿಯೊಂದರ ಡೇರಿಯಲ್ಲಿ ಹಾಲು ಪರೀಕ್ಷಿಸುವುದು ನೇತ್ರಾವತಿಯವರ ಕೆಲಸ. ಸ್ವಂತ ಅಣ್ಣನ ಮನೆಯ ಕ್ಯಾನಿಗೂ ಲ್ಯಾಕ್ಟೋಮೀಟರ್ ಇಳಿಬಿಡದೆ ಒಳಗೆ ಸುರಿಸಿಕೊಂಡವರಲ್ಲ. ತೆಂಗಿನ ತೋಟದ ಅಂಚು ರಸ್ತೆಗೆ ಹೋಗಿ ಪರಿಹಾರ ಬಂದಾಗ ಮನೆಗೆ ಎಡತಾಕಿದ ಬ್ರೋಕರುಗಳನ್ನೂ ಅವರು ಹಾಗೆಯೇ ಅಳೆದರು.

"ಲೇಔಟಲ್ಲಿ ಕಲ್ಲು ಯಾರ್ ಬೇಕಾದ್ರೂ ನೆಡ್ತಾರೆ. ನಂಗೆ ಗೋಡೆ ತೋರ್ಸಿ" ಎಂದರು. ಹಾಗೆ ಕೊಂಡದ್ದು ತುಮಕೂರಿನ ಶೆಟ್ಟಿಹಳ್ಳಿಯ ಹಳೆಯ ಆರ್‌ಸಿಸಿ ಮನೆ.

ಮೊದಲ ಬಾಡಿಗೆದಾರ ಲಕ್ಷ್ಮೀಕಾಂತ್, ಫೈನಾನ್ಸ್ ಕಂಪನಿಯಲ್ಲಿ ಕೆಲಸ ಎಂದ. ಬಾಡಿಗೆ ಚೌಕಾಸಿ ಮಾಡಲಿಲ್ಲ. ಅಡುಗೆಮನೆಯತ್ತ ತಿರುಗಿಯೂ ನೋಡಲಿಲ್ಲ. ಹಾಲುಕ್ಕಿಸುವುದು ಯಾವತ್ತು ಎಂದು ಕೇಳಿದರೆ, "ಅದೆಲ್ಲ ಹೆಂಗಸ್ರು ಬಂದ್ಮೇಲೆ ಅಕ್ಕ" ಎಂದು ನಕ್ಕ. ನೇತ್ರಾವತಿಗೆ ಕಸಿವಿಸಿಯಾಯಿತು. ಆದರೂ ಗ್ಯಾಸ್ ಕನೆಕ್ಷನ್ನಿಗೆ ಬೇಕೆಂದಾಗ ಕಂದಾಯ ರಸೀದಿಯ ಜೆರಾಕ್ಸ್ ಕೊಟ್ಟರು.

ಮೂರು ವಾರದ ಮೇಲೆ ಪಕ್ಕದ ಮನೆಯ ಸಿದ್ದಗಂಗಮ್ಮ ಫೋನ್ ಮಾಡಿದರು. "ನೇತ್ರಮ್ಮ, ನಿಮ್ಮನೇಲಿ ಲೈಟೇ ಉರಿಯಲ್ಲ ಕಣಮ್ಮ. ಜನ ಮಾತ್ರ ಬಂದು ಬಂದು ನೋಡ್ಕಂಡ್ ಹೋಯ್ತಾವ್ರೆ. ಇವತ್ತು ಸಾಮಾನಿನ ಗಾಡಿ ಬಂದೈತೆ."

ನೇತ್ರಾವತಿ ಬಸ್ಸು ಹತ್ತಿದರು. ಹೋಗಿ ನೋಡಿದರೆ ಬಾಗಿಲಿಗೆ ಮಾವಿನೆಲೆ. ಒಳಗೆ ಯಾರೋ ಹೆಂಗಸು ಹಾಲುಕ್ಕಿಸುತ್ತಿದ್ದಳು.

"ಯಾರ್ ಬೇಕಿತ್ತು?" ಎಂದಳು ಆಕೆ.

"ನನ್ ಮನೇಲಿ ನಿಂತ್ಕಂಡು ನನ್ನೇ ಕೇಳ್ತೀಯಲ್ಲಮ್ಮ!"

ಆಕೆ ಪ್ರೇಮಲತಾ. ಗಂಡ ನಾಗೇಶ್ ಕುಣಿಗಲ್ಲಿನಲ್ಲಿ ಗ್ಯಾರೇಜ್ ಇಟ್ಟಿದ್ದವನು. ಮನೆಯನ್ನು ಅವರು ಭೋಗ್ಯಕ್ಕೆ ಹಿಡಿದಿದ್ದರು: ಆರು ಲಕ್ಷ ಇಡಿಗಂಟು ಕೊಟ್ಟರೆ ಮೂರು ವರ್ಷ ಬಾಡಿಗೆ ಇಲ್ಲ, ಬಿಡುವಾಗ ಹಣ ವಾಪಸ್. ಎರಡು ಲಕ್ಷ ಕೊಟ್ಟಾಗಿತ್ತು. ಉಳಿದದ್ದನ್ನು ಒಯ್ಯಲು ಓನರ್ ಲಕ್ಷ್ಮೀಕಾಂತ್ ಈಗ ಬರುವವನಿದ್ದ. ಮನೆ ತನ್ನ ಅಕ್ಕನ ಹೆಸರಿನಲ್ಲಿದೆ ಎಂದು ರಸೀದಿಯನ್ನೂ ತೋರಿಸಿದ್ದನಂತೆ.

"ನೀವೇ ಓನರ್ ಅನ್ನೋದಕ್ಕೆ ಏನ್ ಗ್ಯಾರಂಟಿ ಮೇಡಂ? ಅವ್ರೂ ಹಿಂಗೇ ಜೋರಾಗಿ ಹೇಳಿದ್ರು" ಎಂದ ನಾಗೇಶ್.

ಕಾಂಪೌಂಡಿನಾಚೆಯಿಂದ ಸಿದ್ದಗಂಗಮ್ಮ ಕೂಗಿದರು: "ನಾನ್ ಗ್ಯಾರಂಟಿ ಕಣಪ್ಪ. ಈವಮ್ಮ ಬಂದಾಗ್ಲೆಲ್ಲ ನಮ್ಮನೆ ಟೀ ಕುಡಿದು, ಹಾಲು ನೀರು ಅಂತ ಹಂಗಿಸ್ತಾರೆ."

"ನಿಮಗ್ಯಾರ್ ಗ್ಯಾರಂಟಿ?" ಎಂದ ನಾಗೇಶ್.

ಅಷ್ಟರಲ್ಲಿ ಬೈಕು ಬಂತು. ಲಕ್ಷ್ಮೀಕಾಂತ್ ಬಾಗಿಲಲ್ಲಿ ನಿಂತ ನೇತ್ರಾವತಿಯವರನ್ನು ನೋಡಿದ. ಇಂಜಿನ್ ಆರಿಸದೆ ಗಾಡಿಯನ್ನು ಹಾಗೇ ತಿರುಗಿಸಿದ. ನಾಗೇಶ್ ಬೀದಿಯ ತಿರುವಿನವರೆಗೆ ಓಡಿ ಬರಿಗೈಯಲ್ಲಿ ಬಂದ. ಅವನ ಫೋನು ಸ್ವಿಚ್ ಆಫ್.

ಅಣ್ಣ ಫೋನಿನಲ್ಲೇ ತೀರ್ಪು ಕೊಟ್ಟರು. "ಸಾಮಾನು ಈಚೆಗೆ ಹಾಕ್ಸು. ಅವ್ರೂ ಅವ್ನ ಕಡೆಯವ್ರೇ ಇರ್ಬೋದು. ಭೋಗ್ಯ ಅಂತ ಕೂತ್ಕಂಡ್ರೆ ನಿನ್ ಮನೆ ನಿಂಗಿಲ್ಲ."

ನೇತ್ರಾವತಿಗೂ ಅದೇ ಭಯ. ಆದರೆ ಕುಣಿಗಲ್ಲಿನ ಬಾಡಿಗೆ ಮನೆಯನ್ನು ಗಂಡ ಹೆಂಡತಿ ಬೆಳಿಗ್ಗೆಯೇ ಖಾಲಿ ಮಾಡಿದ್ದರು. "ಎಲ್ಲಿಗೋಗನ ಅಕ್ಕ?" ಎಂದಳು ಪ್ರೇಮಲತಾ. ನೇತ್ರಾವತಿ ಕುಣಿಗಲ್ಲಿನ ಓನರ್ ನಂಬರ್ ಕೇಳಿ, ಫೋನ್ ಮಾಡಿ, ನಾಗೇಶ್ ಎಂಥವನೆಂದು ಎಲ್ಲರೆದುರೇ ಸ್ಪೀಕರ್ ಹಾಕಿ ವಿಚಾರಿಸಿದರು.

"ಬಾಡ್ಗೆ ಕೊಡ್ತಾನೆ. ಕೊಡುವಾಗ ಮುಖ ಮಾತ್ರ ಸಿಂಡರಿಸ್ತಾನೆ" ಎಂದಿತು ಅತ್ತಲಿನ ದನಿ. ನಾಗೇಶ್ ನೆಲ ನೋಡಿದ.

ಠಾಣೆಯಲ್ಲಿ ನಾಗೇಶ್ ಲಕ್ಷ್ಮೀಕಾಂತನ ಮೇಲೆ ದೂರು ಬರೆಯುವಾಗ ನೇತ್ರಾವತಿ ಒಂದು ಸಾಲು ಸೇರಿಸಲು ಹೇಳಿದರು: ಮನೆ ನೇತ್ರಾವತಿಯವರದು, ಭೋಗ್ಯದ ಹಕ್ಕು ನಮಗಿಲ್ಲ. ಆ ಸಾಲಿನ ಮುಂದೆ ನಾಗೇಶನ ಪೆನ್ನು ಬಹಳ ಹೊತ್ತು ನಿಂತಿತು.

"ಬರೀರಿ. ಎರಡು ಲಕ್ಷ ಅವ್ನ್ ಹತ್ರ ಕೇಳಿ, ನನ್ ಗೋಡೆ ಹತ್ರ ಅಲ್ಲ" ಎಂದರು ನೇತ್ರಾವತಿ.

"ಇವ್ರು ನಿಮಗೇನಾಗ್ಬೇಕಮ್ಮ?" ಎಂದು ಪೊಲೀಸರು ಕೇಳಿದರು.

"ಬಾಡಿಗೆಯವ್ರು ಸರ್."

"ಯಾವಾಗಿಂದ?"

ನಾಗೇಶ್ ಆ ಸಾಲಿನ ಕೆಳಗೆ ಸಹಿ ಹಾಕಿ ಮುಗಿಸುವುದನ್ನು ನೋಡಿಕೊಂಡು ನೇತ್ರಾವತಿ "ಈಗಿಂದ" ಎಂದರು.